ನಮ್ಮಾಕಿ ಸೈಕಲ್

“ಯಾರೂ ಮುಟ್ಟಬೇಡಿ! ಆ ಪುಡಿ ಏನು ಅಂತ ಮೊದಲು ಗೊತ್ತಾಗಲಿ!”

ಹಿರಿಯ ಅಧಿಕಾರಿಯ ದನಿಗೆ ಬೆಂಗಳೂರು ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಮೇಜಿನ ಮೇಲೊಂದು ದೊಡ್ಡ ರಟ್ಟಿನ ಪೆಟ್ಟಿಗೆ. ಒಳಗೆ ಕಪ್ಪಗೆ ಮಿರಮಿರ ಮಿಂಚುವ ರೇಸ್ ಸೈಕಲ್. ಅದರ ಸೀಟಿಗೆ ಕಟ್ಟಿದ್ದ ಪೊಟ್ಟಣ ಒಡೆದು, ಹಳದಿ ಪುಡಿ ಎಲ್ಲೆಡೆ ಚೆಲ್ಲಿತ್ತು.

ಪೆಟ್ಟಿಗೆ ತಂದವನ ಮುಖ ಬಿಳಿಚಿಕೊಂಡಿತ್ತು. “ಸರ್... ಅದು ಭಂಡಾರರಿ... ದೇವರದು...”

ಭಂಡಾರ!

ಆ ಒಂದು ಮಾತಿಗೆ ಇನ್ಸ್‌ಪೆಕ್ಟರ್ ರೇಣುಕಾಳ ಎದೆ ಝಲ್ಲೆಂದಿತು. ಬಸವನ ಬಾಗೇವಾಡಿ ತಾಲೂಕಿನ ಮಸೂತಿಯ ಹುಡುಗಿ ಅವಳು. ಬೆಂಗಳೂರಿಗೆ ಬಂದು ಮೂರು ವರ್ಷವಾಗಿತ್ತು. ಆ ಮಾತನ್ನು ಆ ಧಾಟಿಯಲ್ಲಿ ಕೇಳಿ ಎಷ್ಟು ದಿನವಾಗಿತ್ತೋ!

ಅವಳು ಬಂದು ಚಿಟಿಕೆ ಪುಡಿ ಎತ್ತಿ ಮೂಸಿದಳು. ಹಾಗೇ, ತನಗೇ ಗೊತ್ತಿಲ್ಲದೆ, ಹಣೆಗೂ ಹಚ್ಚಿಕೊಂಡುಬಿಟ್ಟಳು!

“ಅರಿಶಿನ, ಸರ್. ನಮ್ಮ ಕಡೆ ಬೀರಪ್ಪ ದೇವರ ಪ್ರಸಾದ. ಹೊಸ ಗಾಡಿ ತಂದರೆ ಪೂಜೆಗೆ ಇದೇ ಬೇಕು.”

ಹಿರಿಯ ಅಧಿಕಾರಿ ಅವಳ ಹಣೆ ನೋಡಿ ನಕ್ಕು ಹೊರಟುಹೋದರು. ಪೆಟ್ಟಿಗೆಯವನು ಮಾತ್ರ ನಗಲಿಲ್ಲ. ಹೋದ ಜೀವ ಬಂದವನಂತೆ ಅವಳನ್ನೇ ನೋಡುತ್ತ ನಿಂತ.

“ಯಾವೂರ್ರಿ ನಿಮ್ಮದು?” ಅವಳೇ ಕೇಳಿದಳು.

“ಯಂಕಂಚಿರಿ, ಸಿಂದಗಿ ತಾಲೂಕು. ಸಿಂದಗಿ ಬಸ್‌ಸ್ಟ್ಯಾಂಡ್ ಹಂತ್ಯಾಕ ನಂದು ಸೈಕಲ್ ದುಕಾನ ಐತ್ರಿ. ಕಾಂತು ಅಂತಾರ.”

ಸೈಕಲ್ ತಂಡವೊಂದರ ಜೊತೆ ಮೆಕ್ಯಾನಿಕ್ ಆಗಿ ಮೂರು ತಿಂಗಳು ಬೆಲ್ಜಿಯಂಗೆ ಹೋಗಿದ್ದನಂತೆ. ಸಿಕ್ಕ ಪಗಾರವನ್ನೆಲ್ಲ ಈ ಸೈಕಲ್ಲಿಗೇ ಸುರಿದು, ಊರಿಂದ ಒಯ್ದಿದ್ದ ಭಂಡಾರವನ್ನು ಅದಕ್ಕೆ ಕಟ್ಟಿ ತಂದಿದ್ದ.

“ಹೊಸಾದೋ, ಹಳೇದೋ?”

“ಹೊಸಾದ್ರಿ. ಸುಂಕ ತಪ್ಪಿಸಾಕ ಗಾಲಿಗೆ ಒಂದೀಟು ಮಣ್ಣು ಹಚ್ಚು, ಹಳೇದು ಅಂದ್ಬಿಡು ಅಂತ ಜೋಡಿದಾರರು ಹೇಳಿದ್ರು. ಭಂಡಾರ ಹಚ್ಚಿದ ಸೈಕಲ್ ಮುಂದ ನಿಂತು ಸುಳ್ಳ ಹ್ಯಾಂಗ ಹೇಳ್ಲಿರಿ? ತಗೋರಿ, ಪಾವತಿ.”

ರೇಣುಕಾ ಆ ರಸೀದಿಯನ್ನು ಎರಡೆರಡು ಸಲ ಓದಿದಳು. ಅದಕ್ಕೆ ಕಾರಣವಿತ್ತು.

ಇದುವರೆಗೆ ಅವಳನ್ನು ನೋಡಲು ನಾಲ್ಕು ವರಗಳು ಬಂದಿದ್ದವು. ನಾಲ್ವರೂ ಅವಲಕ್ಕಿ ತಿಂದು, ಚಹಾ ಕುಡಿದು, ದನಿ ತಗ್ಗಿಸಿ ಒಂದೇ ಮಾತು ಕೇಳಿದ್ದರು: “ಕಸ್ಟಮ್ಸ್ ಅಂದ್ರ... ಮ್ಯಾಲಿಂದ ಏನರ ಬರ್ತೈತೇನ್ರಿ?”

“ಬರ್ತಾವ್ರಿ. ಮ್ಯಾಲಿಂದ ವಿಮಾನ ಬರ್ತಾವ!” ಎಂದು ನಾಲ್ವರನ್ನೂ ಕಳಿಸಿದ್ದಳು. ತಾನು ಮನಸಾರೆ ಗೌರವಿಸಬಹುದಾದ ಒಬ್ಬನೇ ಒಬ್ಬ ಗಂಡಸು ಸಿಕ್ಕರೆ ಮದುವೆ, ಇಲ್ಲದಿದ್ದರೆ ಇಲ್ಲ ಎಂಬುದು ಅವಳ ಹಟ.

ಈಗ ಅಂಥವನೊಬ್ಬ ತಾನಾಗಿಯೇ ಬಂದು ಎದುರಿಗೆ ನಿಂತಿದ್ದಾನಲ್ಲ!

“ಇಷ್ಟ ತುಟ್ಟಿ ಸೈಕಲ್... ಯಾರಿಗ್ರಿ?”

ಅವನ ಮುಖ ಅರಳಿತು. “ನಮ್ಮಾಕಿಗ್ರಿ!”

ರೇಣುಕಾಳ ಕೈಯಲ್ಲಿದ್ದ ಪೆನ್ನು ನಿಂತಿತು.

ವಿಜಯಪುರದ ಕಡೆ ಗಂಡಸು ಹೆಂಡತಿಯ ಹೆಸರು ಹಿಡಿದು ಕರೆಯುವುದು ಕಡಿಮೆ. ‘ನಮ್ಮಾಕಿ’ ಅಂದರೆ ಮುಗಿಯಿತು, ಅದರ ಮೇಲೆ ಕೇಳುವುದು ಏನೂ ಉಳಿಯುವುದಿಲ್ಲ.

‘ಮದುವೆಯಾಗಿದೆ... ಆಗದೆ ಇರುತ್ತದೆಯೇ? ಇಂಥವನನ್ನು ಯಾರು ಬಿಟ್ಟಾರು?’

ಸುಂಕಕ್ಕೆ ಅವನ ಬಳಿ ಇದ್ದದ್ದು ಸಾಲಲಿಲ್ಲ. ಸೈಕಲ್ಲನ್ನು ಉಗ್ರಾಣದಲ್ಲಿರಿಸಿ ಚೀಟಿ ಬರೆದುಕೊಟ್ಟಳು. ಅವನು ಗೊಣಗಲಿಲ್ಲ, ರಿಯಾಯಿತಿ ಕೇಳಲಿಲ್ಲ. ಹೋಗುವಾಗ ಒಂದೇ ಮಾತು ಹೇಳಿದ.

“ಮೇಡಮ್ಮಾರ, ಅದರ ಮ್ಯಾಲ ವಜ್ಜೆ ಏನೂ ಇಡಗೊಡಬ್ಯಾಡ್ರಿ. ನಾಜೂಕ ಐತಿ. ಸೀಳ ಬಿಟ್ರ ಮುಗೀತು.”

ಎಂಟು ದಿನ ರೇಣುಕಾ ಆ ಪೆಟ್ಟಿಗೆಯನ್ನು ಕಾದಳು. ಒಂದು ಸಲ ಯಾರೋ ಅದರ ಮೇಲೆ ಟಿವಿ ಇಟ್ಟಿದ್ದಕ್ಕೆ ಉಗ್ರಾಣದವರ ಮೇಲೆ ಹರಿಹಾಯ್ದಳು. ಬೇರೆಯವಳ ಸೈಕಲ್ಲು, ಬೇರೆಯವಳ ಗಂಡ... ಇವಳಿಗೇಕೆ ಈ ಉಸಾಬರಿ?

ಒಂಬತ್ತನೆಯ ದಿನ ಕಾಂತು ಬಂದ. ತನ್ನ ಮೋಟರ್‌ಸೈಕಲ್ ಮಾರಿ ಸುಂಕ ತಂದಿದ್ದ. ಎಲ್ಲ ಮುಗಿದ ಮೇಲೆ ಬಟ್ಟೆಯ ಗಂಟೊಂದನ್ನು ಮುಂದಿಟ್ಟ.

“ಅವ್ವ ಕಾಶಿಬಾಯಿ ಕೊಟ್ಟಾಳ್ರಿ. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ.”

ವಾಸನೆಗೇ ಅವಳ ಕಣ್ಣು ತುಂಬಿ ಬಂತು. ಆದರೂ ಗಂಟನ್ನು ಹಿಂದಕ್ಕೆ ಸರಿಸಿದಳು. “ಡ್ಯೂಟಿ ಮ್ಯಾಲ ಏನೂ ತಗೊಳ್ಳಂಗಿಲ್ರಿ. ಅವ್ವಾರಿಗೆ ಶರಣು ಹೇಳ್ರಿ.”

ಬೇರೆ ಯಾರಾದರೂ ಮುಖ ಊದಿಸಿಕೊಳ್ಳುತ್ತಿದ್ದರು. ಅವನು ಮಾತ್ರ ಅವಳನ್ನು ಇನ್ನಷ್ಟು ಗೌರವದಿಂದ ನೋಡಿದ.

“ಅಧಿಕಾರಿ ಅಂದ್ರ ಹಿಂಗ ಇರಬೇಕ್ರಿ!”

“ನಿಮ್ಮಾಕಿ ಪುಣ್ಯಾ ಮಾಡ್ಯಾಳ್ರಿ,” ಎಂದಳು ಅವಳು, ಕಾಗದ ಜೋಡಿಸುತ್ತ.

“ಪುಣ್ಯಾ ಮಾಡಿದಾವ ನಾನ್ರಿ. ಅಂಥಾಕಿ ನಮ್ಮನ್ಯಾಗ ಅದಾಳ.”

ಪೆಟ್ಟಿಗೆ ಹೊತ್ತು ಹೋದವನು ಬಾಗಿಲಲ್ಲಿ ಒಮ್ಮೆ ನಿಂತು ತಿರುಗಿ ನೋಡಿದ. ಅವಳು ಆಗಲೇ ಕಣ್ಣೊರೆಸಿಕೊಳ್ಳಲು ಒಳಗೆ ಹೋಗಿದ್ದಳು. ನೋಡಬೇಕಾದದ್ದನ್ನು ಇಬ್ಬರೂ ನೋಡಲಿಲ್ಲ.

*

ಎರಡು ತಿಂಗಳ ಮೇಲೆ ರೇಣುಕಾ ರಜೆಗೆ ಮಸೂತಿಗೆ ಬಂದಳು. ಮುದ್ದೇಬಿಹಾಳದ ಐದನೆಯ ವರ ಬಂದು, ಅದೇ ಪ್ರಶ್ನೆ ಕೇಳಿ, ಅದೇ ಉತ್ತರ ಪಡೆದು ಎದ್ದುಹೋದ.

ತಾಯಿ ಇಂದ್ರಾಬಾಯಿ ಹಣೆ ಹಣೆ ಬಡಿದುಕೊಂಡಳು. “ಎಂಥಾವ ಬೇಕವ್ವಾ ನಿನಗ? ಹೇಳರ ಹೇಳು!”

“ಯಾರೂ ಕೇಳದಿದ್ರೂ ಖರೇ ಹೇಳಾವ ಬೇಕು, ಯವ್ವಾ.”

“ಅಂಥಾವ ಎಲ್ಲಿ ಅದಾನ?”

“ಅದಾನ... ಆದ್ರ ಆಗಲೇ ಒಬ್ಬಾಕಿ ಪಾಲಾಗ್ಯಾನ.”

ಮಗಳು ಬಿಕ್ಕಿ ಬಿಕ್ಕಿ ಅತ್ತಾಗ ಇಂದ್ರಾಬಾಯಿ ಅವಳ ತಲೆ ನೇವರಿಸಿದಳು. ಮರುದಿನ ಬಾಗೇವಾಡಿ ಸಂತೆಗೆ ಹೋಗಿ ಬಾ, ಮನಸ್ಸು ಹಗುರಾಗುತ್ತದೆ ಎಂದು ಕಳಿಸಿದಳು.

ಬಾಗೇವಾಡಿಯ ರಸ್ತೆಯಲ್ಲಿ ಅಂದು ಸೈಕಲ್ ರೇಸು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಮಂದಿಯೆಲ್ಲ ಅಲ್ಲೇ! ಈ ಜಿಲ್ಲೆಯವರಿಗೆ ಸೈಕಲ್ ರೇಸ್ ಅಂದರೆ ಉಂಡ ಕೈ ತೊಳೆಯಲೂ ಮರೆಯುವಷ್ಟು ಹುಚ್ಚು.

ಗದ್ದಲದ ನಡುವೆ ಆ ಕಪ್ಪು ಸೈಕಲ್ ಬಾಣದಂತೆ ಗೆರೆ ದಾಟಿತು. ಎರಡನೆಯ ಸ್ಥಾನ! ಎಂಟು ದಿನ ಕಾದ ಸೈಕಲ್ಲು ರೇಣುಕಾಳಿಗೆ ಗೊತ್ತಾಗದೆ ಇರುತ್ತದೆಯೇ?

ಗೆರೆಯ ಆಚೆ ಕಾಂತು ಸೈಕಲ್ ಹಿಡಿದು, ಇಳಿದವಳಿಗೆ ನೀರು ಕೊಡುತ್ತಿದ್ದ. ಅವಳು ಹೆಲ್ಮೆಟ್ ತೆಗೆದಳು.

ರೇಣುಕಾ ಬೆಚ್ಚಿದಳು. ಎರಡು ಜಡೆ! ಇನ್ನೂ ಕಾಲೇಜಿನ ಪೋರಿ!

ಗೌರವವೆಲ್ಲ ಒಮ್ಮೆಲೇ ನೆತ್ತಿಗೇರಿ ಸಿಟ್ಟಾಯಿತು. ಮಂದಿಯನ್ನು ಸೀಳಿಕೊಂಡು ಹೋಗಿ ಎದುರಿಗೆ ನಿಂತಳು.

“ಈಕಿನ ಏನ್ರಿ ನಿಮ್ಮಾಕಿ?”

“ಮೇಡಮ್ಮಾರ! ನೀವು ಇಲ್ಲಿ?... ಹೌದ್ರಿ, ಈಕಿನ ನಮ್ಮಾಕಿ, ಸಾಕ್ಷಿ!” ಅವನಿಗೆ ಸಂತೋಷ ತಡೆಯಲಾಗಲಿಲ್ಲ.

“ವಯಸ್ಸೆಷ್ಟು?”

“ಹದಿನೇಳು ನಡದೈತ್ರಿ.”

“ಹದಿನೇಳಕ್ಕ ಮದಿವಿ! ಸುಂಕಾ ತಪ್ಪಿಸಬಾರದು ಅನ್ನೂದು ಗೊತ್ತೈತಿ, ಇಷ್ಟ ಸಣ್ಣ ಹುಡುಗೀನ ಮದಿವಿ ಆಗಬಾರದು ಅನ್ನೂದು ಗೊತ್ತಿಲ್ಲೇನ್ರಿ? ನಿಮ್ಮನ್ನ ದೇವರಂಗ ತಿಳ್ಕೊಂಡಿದ್ದೆನಲ್ರಿ ನಾನು!”

ಸಾಕ್ಷಿಯ ಬಾಯಲ್ಲಿದ್ದ ನೀರು ಮೂಗಿನಿಂದ ಬಂತು.

“ಅಣ್ಣಾ! ಯಾರೋ ಇವರು? ನನ್ನ ನಿನಗ ಗಂಟ ಹಾಕಾಕತ್ತಾರ!”

ಅಣ್ಣ?

ರೇಣುಕಾಳಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

“ತಂಗ್ಯವ್ವರಿ ಈಕಿ...” ಕಾಂತು ತಡವರಿಸಿದ. “ಅಪ್ಪ ತೀರಿದಾಗ ತೊಟ್ಟಿಲದಾಗಿದ್ಲು. ಬೆನ್ನ ಮ್ಯಾಲ ಹೊತ್ತು ಬೆಳಸೇನಿ. ಅವ್ವ ಮಗಳಿಗೆ ನಮ್ಮಾಕಿ ಅಂತಾಳ, ನಾನೂ ಹಂಗ ಅಂತೇನಿ. ನನಗ ಮದಿವಿನ ಆಗಿಲ್ರಿ, ಮೇಡಮ್ಮಾರ!”

ಸಾಕ್ಷಿ ಒಮ್ಮೆ ಅಣ್ಣನನ್ನು, ಒಮ್ಮೆ ರೇಣುಕಾಳನ್ನು ನೋಡಿದಳು. ಚೂಟಿ ಹುಡುಗಿ. “ನನ್ನ ಬಹುಮಾನಕ್ಕ ಕರ್ಯಾಕತ್ತಾರ,” ಎಂದವಳೇ ಸೈಕಲ್ ತಳ್ಳಿಕೊಂಡು ಮಾಯವಾದಳು. ಯಾರೂ ಕರೆದಿರಲಿಲ್ಲ.

ಇಬ್ಬರೂ ಬೇವಿನ ಮರದ ನೆರಳಿಗೆ ಬಂದರು.

“ಖರೇ ಹೇಳ್ಲಿರಿ?” ಕಾಂತು ನೆಲ ನೋಡುತ್ತ ಅಂದ. “ಸೈಕಲ್ ಬಿಡಿಸಾಕ ಬೆಂಗಳೂರಿಗೆ ಸೋಮನಿಂಗ ಮಾವ ಹೋಗ್ತೇನಿ ಅಂದಿದ್ದ. ನಾನ ಬ್ಯಾಡ ಅಂದೆ. ಚೀಟಿಗೆ ನಂದ ಸಹಿ ಬೇಕು ಅಂತ ಸುಳ್ಳ ಹೇಳ್ದೆ.”

“ನೀವು? ಸುಳ್ಳ?”

“ಹೂನ್ರಿ. ಜಲ್ಮದಾಗ ಅದೊಂದ. ನಿಮ್ಮನ್ನ ಇನ್ನೊಮ್ಮೆ ನೋಡಬೇಕಿತ್ತು.”

ರೇಣುಕಾಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

“ಮತ್ತ ಅವತ್ತ ಯಾಕ ಹೇಳ್ಲಿಲ್ರಿ?”

“ನೀವು ಅಧಿಕಾರಿ. ನಾ ಗ್ರೀಸ್ ಕೈಯಾವ.”

“ಕೈಯಾಗ ಗ್ರೀಸ್ ಇದ್ರ ತೊಳದ್ರ ಹೋಗ್ತೈತ್ರಿ. ನಾ ನೋಡಿದ ಐದು ಮಂದೀಗೆ ಆ ಜಿಡ್ಡು ಮನಸ್ಸಿನ್ಯಾಗಿತ್ತು.” ಅವಳು ತಲೆಯೆತ್ತಿದಳು. “ನಿಮ್ಮನ್ನ ಕಂಡ್ರ ನನಗ ಭಾಳ ಗೌರವ ಐತಿ. ಆಸೆನೂ ಐತಿ. ಇನ್ನೇನ ಹೇಳ್ಲಿ?”

ಕಾಂತು ಕೈ ಮುಂದೆ ಚಾಚಲು ಹೋಗಿ, ಮಂದಿ ನೋಡಿ, ಹಿಂದಕ್ಕೆ ಕಟ್ಟಿಕೊಂಡ.

“ಅವ್ವನ್ನ ಕರ್ಕೊಂಡು ನಿಮ್ಮ ಮನಿಗಿ ಕೇಳಾಕ ಯಾವಾಗ ಬರ್ಲಿರಿ?”

“ನಾಳೆ ಬರ್ರಿ.”

ಅವನ ಮುಖ ಬಾಡಿತು. “ನಾಳೆ ಅಮಾಸಿ ಐತ್ರಿ...”

ರೇಣುಕಾ ಸೆರಗು ಸರಿಮಾಡಿಕೊಂಡು, ಮಸೂತಿಯ ದಾರಿ ಹಿಡಿದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿದಳು.

“ಹಂಗಾರ ಇವತ್ತ ಬರ್ರಿ!”