ಸಾಹುಕಾರ ಕೆರೆದ ಬೀರು

ಇವನು ಬೇಕೆಂದೇ ಹೀಗೆ ಮಾಡುತ್ತಿದ್ದಾನೆಯೇ? ಅಥವಾ ನನಗೇ ತಲೆ ಕೆಟ್ಟಿದೆಯೇ?

ಬಾಗಿಲಿಗೆ ಒರಗಿ ನಿಂತು ಅವಳು ಪಾಲಿಶ್‌ನವನ ಬೆನ್ನನ್ನೇ ನೋಡುತ್ತಿದ್ದಳು. ಅವನು ಮರದ ಬೀರುವಿನ ಮುಂದೆ ಮಂಡಿಯೂರಿ, ನಾಯಿ ಉಗುರಿನ ಗೆರೆಗಳಿಗೆ ಬಿಸಿ ಮೇಣ ತುಂಬುತ್ತಿದ್ದ. ಹೋದ ಸಲವೂ ಇದೇ ಗೆರೆಗಳು. ಅದರ ಹಿಂದಿನ ಸಲವೂ. ಅವನು ಉಜ್ಜಿ, ಬಣ್ಣ ಹೊಂದಿಸಿ ಹೋದರೆ ಮರ ಹೊಸದರಂತೆ ಕಾಣುತ್ತಿತ್ತು. ಕೆಲವೇ ದಿನ... ಮನೆಯ ಮುದಿ ನಾಯಿ ಸಾಹುಕಾರ ಮತ್ತೆ ಅಲ್ಲೇ ಕೆರೆಯುತ್ತಿದ್ದ.

ಆ ಬೀರು ಅವಳ ಗಂಡ ಆಸೆಪಟ್ಟು ಮಾಡಿಸಿದ್ದು. ಗಂಡ ತೀರಿಹೋದ ಮೇಲೆ ಅವಳು ಅದರ ಬೀಗ ತೆಗೆದಿರಲಿಲ್ಲ. ಅವನ ಅಂಗಿಗಳು ಒಳಗೆ ತೂಗುಹಾಕಿದಂತೆಯೇ ಇದ್ದವು. ಮಧ್ಯಾಹ್ನ ಮನೆ ತಣ್ಣಗಿರುವಾಗ ಕೆರೆಯುವ ಸದ್ದು ಕೇಳಿದರೆ ಅವಳ ಉಸಿರು ನಿಂತುಬಿಡುತ್ತಿತ್ತು.

ಅದು ಹೊರಗಿನಿಂದಲೋ... ಒಳಗಿನಿಂದಲೋ...

ಬೆಳಿಗ್ಗೆ ಮೆಟ್ಟಿಲ ಮೇಲೆ ಪಕ್ಕದ ಮನೆಯಾಕೆ ಅಂದದ್ದು ಇನ್ನೂ ಕಿವಿಯಲ್ಲಿತ್ತು. "ಒಂದು ಬೀರು ರಿಪೇರಿಗೆ ಎಷ್ಟು ಸಲ ಬರ್ತಾನಮ್ಮ ಅವನು? ಕೆಟ್ಟಿರೋದು ಬೀರುವೋ, ಅವನ ಬುದ್ಧಿಯೋ?"

ಅಡುಗೆಮನೆಯಿಂದ ಅತ್ತೆ ಕೂಗಿದರು. "ಏನಪ್ಪಾ ಮೂಗಬಸವ, ಟೀ ಬೇಕಾ? ಇಲ್ಲ ಆ ಮೇಣನೇ ಸಾಕಾ?"

"ಕೊಡಿ ಅಮ್ಮ. ಮೇಣ ಸ್ವಲ್ಪ ಸಪ್ಪೆ."

ಹೇಳಿ ಅವನು ನಕ್ಕ.

ಆ ನಗು ತನಗೆ ಹಿತವೆನಿಸಿತಲ್ಲ... ಅದನ್ನೇ ಅವಳಿಂದ ಸಹಿಸಲಾಗಲಿಲ್ಲ. ಬೀರುವಿನ ಒಳಗೆ ಯಾರೋ ಅದನ್ನು ಕೇಳಿಸಿಕೊಂಡರೇನೋ ಎಂಬಂತೆ ಅವಳ ಮೈ ಜುಮ್ಮೆಂದಿತು.

"ಸಾಕು, ಎದ್ದೇಳಿ," ಎಂದಳು. "ನಿಮ್ಮ ಕೆಲಸ ನಾಲ್ಕು ದಿನ ನಿಲ್ಲಲ್ಲ. ಗಟ್ಟಿಯಾಗಿ ಮಾಡಿದ್ರೆ ಮತ್ತೆ ಬರೋಕೆ ನೆಪ ಸಿಗಲ್ಲ, ಅಲ್ವಾ?"

ಅವನು ತಿರುಗಿದ. ಏನೋ ಹೇಳಲು ಬಾಯಿ ತೆರೆದ. ಒಮ್ಮೆ ಬೀಗದ ಕಡೆ ನೋಡಿ ಮೇಣದ ಡಬ್ಬಿ ಮುಚ್ಚಿದ.

"ಗಂಡಸರಿಲ್ಲದ ಮನೆ. ನನಗೋಸ್ಕರ ಬರ್ತಿದ್ದೀರಿ. ಹೌದೋ ಅಲ್ವೋ?"

ಅವನು ಮೇಣ, ಮರ ಉಜ್ಜುವ ಉಪ್ಪುಕಾಗದ, ಬಟ್ಟೆ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡ. "ಬರ್ತೀನಿ ಅಮ್ಮ," ಎಂದು ಅಡುಗೆಮನೆಗಷ್ಟೇ ಹೇಳಿ ಹೊರಟುಹೋದ.

ಅತ್ತೆ ಟೀ ಲೋಟ ಹಿಡಿದು ಬಂದು ಸೊಸೆಯನ್ನು ದಿಟ್ಟಿಸಿದರು. "ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರೆ. ನೀನು ಪಕ್ಕದ ಮನೆಯವಳ ಮೇಲಿನ ಕೋಪಾನ ಆ ಪಾಪದವನ ಮೇಲೆ ತೀರಿಸಿಕೊಂಡೆ."

"ಅವನ ಪರ ನೀವು ಯಾಕೆ ಮಾತಾಡ್ತೀರಿ ಅತ್ತೆ?"

"ಮತ್ಯಾರು ಮಾತಾಡಬೇಕು? ಅವನಿಗಂತೂ ಬರಲ್ಲ."

ಮರುದಿನ ಮಧ್ಯಾಹ್ನ ಮತ್ತೆ ಅದೇ ಸದ್ದು. ಕರ್... ಕರ್...

ನಾಯಿಯನ್ನು ಎಳೆದುಹಾಕಲೆಂದು ಅವಳು ನೆಲದ ಮೇಲೆ ಕುಳಿತಳು. ಸಾಹುಕಾರ ಬೀರುವಿನ ಎರಡು ಬಾಗಿಲುಗಳ ನಡುವಿನ ಸಂದಿಗೆ ಮೂಗು ಒತ್ತಿ ಕುಂಯ್‌ಗುಡುತ್ತಿದ್ದ. ಅವಳೂ ಬಾಗಿದಳು. ಅಲ್ಲಿ, ಆ ಕೂದಲೆಳೆಯಷ್ಟು ಸಂದಿಯಲ್ಲಿ, ಗಂಡನ ವಾಸನೆಯಿತ್ತು. ಸೋಪು, ಬೆವರು, ಇಸ್ತ್ರಿ ಮಾಡಿದ ಕಾಲರ್. ಇಷ್ಟು ದಿನ ಅವನು ಇಲ್ಲೇ ಇದ್ದ... ನಾಯಿಗೆ ಗೊತ್ತಿತ್ತು, ತನಗೆ ಗೊತ್ತಿರಲಿಲ್ಲ.

ನಾಯಿಯ ಕುತ್ತಿಗೆಗೆ ಮುಖ ಒತ್ತಿ ಅವಳು ಬಹಳ ಹೊತ್ತು ಅತ್ತಳು.

ಅಳು ನಿಂತ ಮೇಲೆ ಇನ್ನೊಂದು ಯೋಚನೆ ಬಂತು. ಪಾಲಿಶ್‌ನವನು ದಿನಗಟ್ಟಲೆ ಮುಖ ಇಟ್ಟು ಕೆಲಸ ಮಾಡಿದ್ದು ಇದೇ ಸಂದಿಯ ಪಕ್ಕದಲ್ಲಿ.

ಅಂದೇ ಅವಳು ಹೋದಾಗ ಅವನ ಅಂಗಡಿಯಲ್ಲಿ ಮರದ ಪುಡಿ ತೇಲುತ್ತಿತ್ತು. ನಾಯಿಮರಿ ಕಚ್ಚಿ ತಿಂದ ಕುರ್ಚಿಯ ಕಾಲೊಂದನ್ನು ಅವನು ಉಜ್ಜುತ್ತಿದ್ದ. ಅವಳನ್ನು ಕಂಡು ಎದ್ದುನಿಂತ.

"ಸಾಹುಕಾರ ಯಾಕೆ ಕೆರೀತಾನೆ ಅಂತ ನಿಮಗೆ ಗೊತ್ತಿತ್ತಲ್ವಾ?"

ಅವನು ಕೈ ಒರೆಸಿಕೊಂಡ. "ಮೊದಲನೇ ದಿನವೇ."

"ಹೇಳಬಹುದಿತ್ತಲ್ಲ. ನಿಮ್ಮ ಕೆಲಸ ಕೆಟ್ಟದ್ದು ಅಂದಾಗಲಾದ್ರೂ..."

"ನನ್ನ ಕೆಲಸ ತಾನೆ. ಬೈದ್ರೆ ಬೈಲಿ ಅಂದ್ಕೊಂಡೆ."

"ನನಗೋಸ್ಕರ ಬರ್ತಿದ್ದೀರಿ ಅಂತಾನೂ ಅಂದೆ."

ಅವನು ಕುರ್ಚಿಯ ಕಾಲನ್ನೇ ನೋಡುತ್ತ ಹೇಳಿದ, "ಅದು ಸುಳ್ಳಲ್ಲ."

ಅವಳಿಗೆ ಕೋಪ ಬರಬೇಕಿತ್ತು. ಬರಲಿಲ್ಲ. ಎದೆಯೊಳಗೆ ಏನೋ ಮೆಲ್ಲಗೆ ಸಡಿಲವಾಯಿತು, ಅದರ ಹಿಂದೆಯೇ ಭಯವೂ ಬಂತು.

"ಆ ಬೀರು ತೆರೆಯೋಕೆ ನನ್ನ ಕೈಲಿ ಆಗ್ತಿಲ್ಲ," ಎಂದಳು. "ಯಾವತ್ತಾದ್ರೂ ಆಗುತ್ತೋ, ಅದೂ ಗೊತ್ತಿಲ್ಲ."

"ಹೂಂ."

"ಹಾಗೇ ಬಿಟ್ರೆ?"

"ಸಾಹುಕಾರ ಕೆರೀತಾನೆ."

"ಆಮೇಲೆ?"

"ನಾನು ಬರ್ತೀನಿ."

ಅವಳು ಕಣ್ಣೊರೆಸಿಕೊಂಡು ನಕ್ಕಳು. "ಹಾಗಾದ್ರೆ ಇವತ್ತೇ ಬನ್ನಿ. ಅರ್ಧಕ್ಕೆ ಬಿಟ್ಟು ಹೋಗಿದ್ದೀರಿ."

ಮುಂದೆ ಅವರಿಬ್ಬರೂ ಮದುವೆಯಾದರು. ಇಬ್ಬರನ್ನೂ ಬೈದುಕೊಂಡು ಅತ್ತೆ ಅದೇ ಮನೆಯಲ್ಲಿದ್ದರು. ಬೀರು ಗಂಡಹೆಂಡಿರ ಕೋಣೆಯಲ್ಲೇ ನಿಂತಿತ್ತು, ಹಾಕಿದ ಬೀಗ ಹಾಗೇ. ಕೆಲವು ಮಧ್ಯಾಹ್ನಗಳಲ್ಲಿ ಅವಳು ನಾಯಿಯ ಪಕ್ಕ ಆ ಸಂದಿಯ ಬಳಿ ಕುಳಿತಿರುವುದನ್ನು ಅವನು ಕಂಡದ್ದುಂಟು. ಅವಳು ಏಳುವವರೆಗೆ ಕಾದು, ಆಮೇಲೆ ಮೇಣ ಕರಗಿಸಿಕೊಂಡು ಬಂದು ಗೆರೆಗಳನ್ನು ತುಂಬುತ್ತಿದ್ದ.

ಬೀರು ಖಾಲಿ ಮಾಡು ಎಂದು ಅವನು ಎಂದೂ ಹೇಳಲಿಲ್ಲ.