ಆ ಮೇಲ್ ನಾನು ಕಳಿಸಿದ್ದಲ್ಲ

"ಮೋಹನ್ ಅಂದ್ರೆ ನೀವೇನಾ?"

ತಾಳಮಲೆಯ ಕಾಡುಜನರ ಜೇನು ಸಂಘದ ಬಾಗಿಲಲ್ಲಿ ನಿಂತಿದ್ದ ಹುಡುಗಿ ಕೇಳಿದಳು. ಜೇನು ಸೋಸುತ್ತಿದ್ದವನು ತಲೆಯೆತ್ತಿದ.

"ಊಂ... ನೀವು?"

"ತಾಳವಾಡಿ ಆಫೀಸಿನ ಲೋಕೇಶ್ವರಿ. ನನ್ ಬಾಳು ಆಳ್ ಮಾಡ್ಬುಟ್ರಲ್ಲ, ಯಾಕೆ?"

ಮೋಹನ್ ಬೆಚ್ಚಿದ. ಇವಳೇನಾ ಅವಳು!

ಸಂಘದ ಜೇನು, ಸೀಗೆಕಾಯಿ ಕೊಳ್ಳುತ್ತಿದ್ದ ಆ ಆಫೀಸಿಗೆ ಅವನು ಸರಕಿನ ವಿವರ ಮೇಲ್ ಮಾಡುತ್ತಿದ್ದ, ಅವಳು ಉತ್ತರಿಸುತ್ತಿದ್ದಳು. ಬರಬರುತ್ತಾ ಕೊನೆಯಲ್ಲಿ 'ಊಟ ಆಯ್ತಾ?', 'ಆನೆ ಬಂದಿದೆಯಂತೆ, ಹುಷಾರು' ಎಂಬ ಸಾಲುಗಳೂ ಸೇರಿಕೊಂಡಿದ್ದವು. ಮುಖ ಮಾತ್ರ ನೋಡಿರಲಿಲ್ಲ.

"ನಾನೇನ್ ಮಾಡ್ದೆ?"

ಅವನ ಹೆಸರಿನಲ್ಲಿ ಬಂದಿದ್ದ ಮೇಲ್ ತೆರೆದು, ಅವಳು ಫೋನ್ ಮುಂದೆ ಹಿಡಿದಳು.

'ನಿನ್ನನ್ನೇ ನೆನೆಯುತ್ತಿದ್ದೇನೆ. ನನ್ನ ಫೋಟೋ ನೋಡು.' ಕೆಳಗೊಂದು ನೀಲಿ ಲಿಂಕು.

ಅದನ್ನು ಅವಳು ಆಫೀಸಿನ ಕಂಪ್ಯೂಟರಿನಲ್ಲಿ ಒತ್ತಿದ್ದಳು. ಫೋಟೋ ಬರಲಿಲ್ಲ. ಆದರೂ ನಾಚುತ್ತಲೇ, 'ನನಗೂ ನೀವೇ ಬೇಕು' ಎಂದು ಬರೆದಿದ್ದಳು. ಮರುದಿನ ಆಫೀಸಿನ ಕಡತಗಳೆಲ್ಲ ಹಾಳಾಗಿದ್ದವು. ಕಾರಣ ಹುಡುಕುತ್ತಾ ಮ್ಯಾನೇಜರು ಅವಳ ಉತ್ತರವನ್ನು ಎಲ್ಲರೆದುರು ಓದಿದರು. ಕೆಲಸ ಹೋಯಿತು. ಸುದ್ದಿ ಗೆಟ್ಟವಾಡಿಯ ಅವಳ ಮನೆಗೂ ಮುಟ್ಟಿ, ಅಪ್ಪ ಅವಸರದಲ್ಲಿ ಬೇರೆ ಗಂಡು ಗೊತ್ತುಮಾಡಿದರು.

ಮೋಹನ್ ಪರದೆಯನ್ನೇ ನೋಡಿದ. ಮುಖ ಕಪ್ಪಿಟ್ಟಿತು.

"ಎಸ್ರು ನಂದೇ. ಅಡ್ರೆಸ್ ನೋಡಿ... ಒಂದಕ್ಸರ ಬ್ಯಾರೆ ಅದೆ."

ಲಿಂಕಿನ ಮೇಲೆ ಬೆರಳು ಒತ್ತಿ ಹಿಡಿದ. ಅಡಗಿದ್ದ ವಿಳಾಸ ಮೇಲೆ ಬಂತು. ಯಾವುದೋ ಗುರುತಿಲ್ಲದ ಸೈಟು!

"ಫೋಟೋ ಅಲ್ಲ, ಕಂಪ್ಯೂಟರ್ ಒಳಕ್ಕೆ ನುಗ್ಗೋ ಫೈಲು. ನಂಗೂ ಇಂತದ್ದೇ ಒಂದು ಬಂದಿತ್ತು, ಒತ್ಬುಟ್ಟೆ. ಆಗ್ಲೇ ಕಳ್ರು ನಮ್ ಮೇಲ್‌ಗಳ್ನೆಲ್ಲ ಓದ್ಕಂಡವ್ರೆ..."

ಅವನು ಮೋಸಗಾರನಲ್ಲ. ಲೋಕೇಶ್ವರಿಗೆ ಸಮಾಧಾನವಾಗಬೇಕಿತ್ತು. ಆದರೆ ಆಗಲಿಲ್ಲ.

"ಅಂಗಾದ್ರೆ... ಆ ಮಾತೂ ನಿಮ್ದಲ್ವಾ?"

"ಮಾತು ಕಳ್ರುದು." ಅವನು ತಲೆ ತಗ್ಗಿಸಿದ. "ಆಸೆ ನಂದೇ ಕಣ್ರೀ. ಬರ್ಯಾಕೆ ಧೈರ್ಯ ಇರ್ನಿಲ್ಲ."

ಅವಳು ಅಲ್ಲೇ ಕೂತು ಅತ್ತಳು.

ಅಂದೇ ಇಬ್ಬರೂ ಗೆಟ್ಟವಾಡಿಗೆ ಹೋದರು. ಮೋಹನ್ ನಡೆದದ್ದನ್ನೆಲ್ಲ ಹೇಳಿ, ಕೈಮುಗಿದು ಹೆಣ್ಣು ಕೇಳಿದ. ಅಪ್ಪ ಕೂಗಾಡಲಿಲ್ಲ. ಅದರಿಂದಲೇ ಹೆಚ್ಚು ಭಯವಾಯಿತು.

"ಮೊದ್ಲು ಬರ್ದೋನು ಕಳ್ಳ, ಸರಿ. ಉತ್ರ ಬರ್ದೋಳು ನನ್ ಮಗ್ಳೇ ಅಲ್ವಾ?" ಎಂದರು. "ಕಾಡ್ನೋರಿಗೆ ನಾವು ಎಣ್ ಕೊಡಾಕಿಲ್ಲ. ಓಗಪ್ಪ."

ಮೋಹನ್ ಹೊರಬಂದ. ಅಮ್ಮ ತಡೆದರೂ ಕೇಳದೆ ಲೋಕೇಶ್ವರಿ ಹಿಂದೆಯೇ ಬಂದಳು. ಹಿಂದೆ ಬಾಗಿಲು ಹಾಕಿದ ಸದ್ದಾಯಿತು.

ರಸ್ತೆ ಬದಿಯಲ್ಲಿ ಇಬ್ಬರೂ ನಿಂತರು. ಇಲ್ಲಿಂದ ಎಲ್ಲಿಗೆ? ಅವಳಿಗೆ ತಿಳಿಯಲಿಲ್ಲ. ತಾಳವಾಡಿ ಬಸ್ಸು ಬಂದು ನಿಂತಿತು.

"ಓಗ್ಲಾ?" ಎಂದ.

"ಓಗ್ಬೇಡಿ."

ಬಸ್ಸು ಹೊರಟುಹೋಯಿತು.

"ಈಗೇನ್ ಮಾಡಾದು, ಲೋಕೇಶ್ವರಿ?"

"ಗೊತ್ತಿಲ್ಲ..." ಅವಳು ಅವನ ಅಂಗಿಯ ತೋಳು ಹಿಡಿದುಕೊಂಡಳು. "ಸುಮ್ನೆ ನನ್ ಪಕ್ಕ ನಿಂತ್ಕಳಿ."