ಎಲಿಯಾಸನ ಐದನೇ ಹಾಳೆ

ಜುಮಾ ನಮಾಜು ಮುಗಿಸಿ ಬಂದ ಅಬ್ದುಲ್ ನಾಸಿರ್ ಅಂಗಡಿಯ ಶಟರನ್ನು ಮೊಣಕಾಲೆತ್ತರಕ್ಕೆ ಮಾತ್ರ ಎತ್ತಿ, ಬಾಗಿ ಒಳಗೆ ನುಸುಳಿದ. ೧೯೯೮ರ ಆಗಸ್ಟಿನ ಬಿಸಿಲು. ಗಲ್ಫಿನ ಆ ಶಹರದ ಮಿರ್ಕಾಬ್ ಪೇಟೆಯ ಓಣಿಯಲ್ಲಿ ಎ.ಸಿ. ನೀರು ತೊಟ್ಟಿಕ್ಕುವ ಜಾಗ ಬಿಟ್ಟರೆ ಬೆಕ್ಕು ಕೂಡ ಬೇರೆಲ್ಲೂ ಮಲಗಿರಲಿಲ್ಲ. ಒಳಗೆ, ಜೆರಾಕ್ಸ್ ಮೆಷಿನ್ನಿಗೂ ಗೋಡೆಗೂ ನಡುವೆ ಕಾಗದದ ಬಂಡಲುಗಳನ್ನು ಸಾಲಾಗಿ ಹಾಸಿಕೊಂಡು ಬೆನ್ನು ಚಾಚಿ ಮಲಗಿದ್ದವನು ಬಸವಂತ ಹೆಳವರ.

"ಏಳಿ ಮಾರಾಯ್ರೇ, ಬಿರಿಯಾನಿ ತಂದಿದ್ದೇನೆ. ನಿಮಗೆ ಬೇರೆ ಮೊಸರನ್ನ ಉಂಟು."

"ಏಳಾಕ ಬರೂ ಹಂಗಿದ್ರ ಆಗಲೇ ಏಳ್ತಿದ್ದೆ. ನಡಾ ಹಿಡದೈತ್ರಿ ಸಾಹೇಬ್ರ. ಅಲ್ಲೇ ಬಾಯಾಗ ಹಾಕ್ರಿ."

ಬಸವಂತನಿಗೆ ಐವತ್ತೆಂಟು. ರಾಯ್ ಬಡಾವಣೆಯ ಒಂದು ಕಟ್ಟಡ ಕಂಪನಿಯಲ್ಲಿ ನಕ್ಷೆ, ಕಡತಗಳ ಕೋಣೆ ನೋಡಿಕೊಳ್ಳುವ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಕುರ್ಚಿ, ಅದೇ ಧೂಳು. ಬಾಗಲಕೋಟೆ ಕಡೆಯ ಹೆಳವರ ಮನೆತನ. ಅವನಜ್ಜ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಒಕ್ಕಲು ಮನೆಗಳ ಅಂಗಳಕ್ಕೆ ಹೋಗಿ, ತನ್ನ ಪುಸ್ತಕದಿಂದ ಆ ಮನೆಯ ಏಳು ತಲೆಮಾರಿನ ಹೆಸರು ಓದಿ ಹೇಳಿ ಜೋಳ ಪಡೆದು ಬರುತ್ತಿದ್ದವನು. ಮೊಮ್ಮಗ ಎತ್ತನ್ನು ಬಿಟ್ಟು ವಿಮಾನ ಹತ್ತಿದ. ಮಂದಿಯ ಮನೆಯ ಬೇರು ಕೆದಕುವ ಚಾಳಿ ಮಾತ್ರ ಬಿಡಲಿಲ್ಲ. ಮದುವೆಮನೆಯಲ್ಲಿ ಕಳೆದ ಬೋರಮಾಳ, ಜಹ್ರಾದ ಕ್ಲಿನಿಕ್ಕಿನಲ್ಲಿ ಮಾಯವಾದ ಬೀಗದ ಗೊಂಚಲು, ಇಂಥವಕ್ಕೆಲ್ಲ ಜನ ಬರುತ್ತಿದ್ದದ್ದು ನಾಸಿರನ ಅಂಗಡಿಗೇ. ಬಸವಂತ ಹುಡುಕುತ್ತಿದ್ದ, ನಾಸಿರ್ ಕಾರು ಓಡಿಸುತ್ತಿದ್ದ. "ಪೆಟ್ರೋಲು ನನ್ನದು, ಹೆಸರು ಅವರದು" ಎಂದು ನಾಸಿರ್ ಹೇಳಿಕೊಳ್ಳುತ್ತಿದ್ದ, ಹೆಮ್ಮೆಯಿಂದಲೇ.

ಪೊಟ್ಟಣ ಬಿಚ್ಚುವಷ್ಟರಲ್ಲಿ ಶಟರಿನ ಕೆಳಗೆ ಎರಡು ಚಪ್ಪಲಿ ಬಂದು ನಿಂತವು.

"ಅಣ್ಣಾ, ನಾನು ರಾಜಮ್ಮ. ಹೆನ್ರಿ ಸಾರ್ ಮನೆ ಅಡುಗೆಯೋಳು. ಒಂಚೂರು ಒಳಗೆ ಬಿಡಿ."

ಕೋಲಾರದ ರಾಜಮ್ಮ ಸಾಲ್ಮಿಯಾದಲ್ಲಿ ಅಮೆರಿಕದವರೊಬ್ಬರ ಮನೆಯಲ್ಲಿ ಆರು ವರ್ಷದಿಂದ ಅಡುಗೆಗಿದ್ದಳು. ಒಳಗೆ ಬಂದವಳು ನೀರು ಕುಡಿಯಲಿಲ್ಲ, ಕೂರಲೂ ಇಲ್ಲ.

"ಕಳ್ಳಿ ಅಂತಾರೆ ಅಣ್ಣಾ ನನ್ನ. ನಾಳೆ ಬೆಳಿಗ್ಗೆಯೊಳಗೆ ಹಾಳೆ ತಂದಿಡದಿದ್ರೆ ಪೊಲೀಸಂತೆ. ಸೋಮವಾರ ನನ್ನ ಟಿಕೆಟ್ಟು. ಮಗಳಿಗೆ ಚೊಚ್ಚಲ ಹೆರಿಗೆ, ಇವತ್ತೋ ನಾಳೆಯೋ ಅಂತಿದ್ದಾರೆ. ಕೇಸಾದ್ರೆ ನಾನು ಹೋಗೋದೆಲ್ಲಿ?"

"ಎಂತ ಹಾಳೆ?" ಎಂದ ನಾಸಿರ್. ಅವಳು ಹೇಳುವ ಮೊದಲೇ ಅವನಿಗೆ ಅಂದಾಜಾಗಿತ್ತು. ಹೆನ್ರಿಯ ಮನೆತನದ ಹಳೆಯ ಕಾಗದಗಳ ಪುಸ್ತಕಕ್ಕೆ ಹೊಸ ರಟ್ಟು ಕಟ್ಟಿಕೊಟ್ಟದ್ದು ಈ ಅಂಗಡಿಯೇ, ಇದೇ ವಾರ.

ರಾಜಮ್ಮ ಬಿಕ್ಕುತ್ತ ಹೇಳಿದ್ದರ ಸಾರ ಇಷ್ಟು. ಮಂಗಳವಾರ ಸಾಹೇಬರ ಹೆಂಡತಿ ಡೋರಿಸ್ ಮೇಡಂ ಪುಸ್ತಕವನ್ನು ಅಂಗಡಿಯಿಂದ ತಂದು ಅವರ ಕಬ್ಬಿಣದ ಬೀರುವಿನಲ್ಲಿಟ್ಟರು. ಅದೇ ಸಂಜೆ ಸಾಹೇಬರು ಮನೆಗೆ ಬಂದಾಗ ರಾಜಮ್ಮ ಆ ಬೀರುವಿನ ಬಾಗಿಲು ತೆರೆದುಕೊಂಡು ಮುಂದೆ ಕೂತಿದ್ದಳು. ಬುಧವಾರ ಸಾಹೇಬರು ಪುಸ್ತಕ ಬಿಚ್ಚಿದರೆ ಒಂದು ಹಾಳೆ ಇಲ್ಲ. ಎಲ್ಲಕ್ಕಿಂತ ಹಳೆಯ ಅಜ್ಜನ ಹಾಳೆ.

"ಬೀರು ಯಾಕ ತಗದಿದ್ಯವ್ವಾ?" ಬಸವಂತ ಮಲಗಿದ್ದಲ್ಲಿಂದಲೇ ಕೇಳಿದ.

ರಾಜಮ್ಮ ನೆಲ ನೋಡಿದಳು. "ನನ್ನ ಪಾಸ್‌ಪೋರ್ಟು ಅಲ್ಲೇ ಇರೋದು. ತಾರೀಕು ಮುಗಿದಿದ್ಯೋ ಏನೋ ಅಂತ ಭಯ. ನೋಡಿ ವಾಪಸ್ ಇಟ್ಟೆ. ಕೇಳಿದ್ರೆ ಕೊಡಲ್ಲ ಅವರು, 'ಭದ್ರವಾಗಿದೆ' ಅಂತಾರೆ."

"ಇದನ್ನ ಸಾಹೇಬಗ ಹೇಳಿದಿ?"

"ಹೇಳಿದ್ರೆ ಕೀಲಿ ಕದ್ದದ್ದು ಒಪ್ಪಿಕೊಂಡಂಗಲ್ವಾ?"

ಬಸವಂತ ನರಳುತ್ತ ಎದ್ದು ಕೂತ. "ಸಾಹೇಬ್ರ, ನಿಮ್ಮ ಭಾವನ್ನ ಕರೀರಿ."

ಅಬ್ದುಲ್ ಸಲಾಂ ನಾಸಿರನ ಅಕ್ಕನ ಗಂಡ, ಅಟ್ಟದ ಮೇಲೆ ರಟ್ಟು ಕಟ್ಟುವ ಕೆಲಸದವನು, ನಿದ್ದೆಗಣ್ಣಲ್ಲಿ ಇಳಿದು ಬಂದ. ವಿಷಯ ತಿಳಿದದ್ದೇ ಕಣ್ಣು ಪೂರ್ತಿ ತೆರೆಯಿತು. "ನನ್ನ ಕೈಯಿಂದ ಹಾಳೆ ಹೋಗುವುದಾ? ಬಿಚ್ಚುವ ಮೊದಲು ಒಂದೊಂದರ ಮೂಲೆಗೂ ಪೆನ್ಸಿಲಿನಲ್ಲಿ ಅರಬಿ ಅಂಕಿ ಹಾಕುತ್ತೇನೆ, ಹೊಲಿದ ಮೇಲೆ ಇನ್ನೊಮ್ಮೆ ಎಣಿಸುತ್ತೇನೆ. ನಲವತ್ತೊಂದಿತ್ತು, ನಲವತ್ತೊಂದೂ ಕಟ್ಟಿದ್ದೇನೆ."

"ಆ ಹಾಳೆ ನನಗೂ ನೆನಪುಂಟು," ಎಂದ ನಾಸಿರ್. "ಹೋದ ತಿಂಗಳು ಅದರ ನಕಲು ತೆಗೆದು ಅಮೆರಿಕಕ್ಕೆ ಫ್ಯಾಕ್ಸ್ ಮಾಡಿದ್ದು ನಾನೇ. ಹಳೇ ಕೈಬರಹ, ಹೆನ್ರಿಯವರಿಗೇ ಓದಲಿಕ್ಕೆ ಬರುವುದಿಲ್ಲ. ಅಲ್ಲಿ ಓದಿ ಹೇಳುವವರು ಯಾರೋ ಇದ್ದಾರಂತೆ. ಮೇಲಿನ ಅಂಚು ಪೂರ್ತಿ ಹಲ್ಲುಹಲ್ಲು, ಇಲಿ ಕಡಿದ ಹಾಗೆ."

"ಉತ್ತರ ಬಂತೇನ್ರಿ?" ಎಂದ ಬಸವಂತ.

"ಬಂತಲ್ಲ, ಮಂಗಳವಾರ, ಮೂರು ಪುಟ. ಪುಸ್ತಕದ ಜೊತೆ ಮೇಡಮ್ಮೇ ತೆಗೆದುಕೊಂಡು ಹೋದರು. 'ನೀವು ಓದಿದಿರಾ?' ಅಂತ ಎರಡು ಸಲ ಕೇಳಿದರು. ನನಗೆಲ್ಲಿ ಪುರುಸೊತ್ತು!"

ಬಸವಂತ ಮೊಸರನ್ನದ ಡಬ್ಬಿ ಮುಚ್ಚಿದ. "ಕಾರ್ ತಗೀರಿ. ಭಾವನೂ ಬರ್ಲಿ. ಅಂಗಡಿ ಹೆಸರಿನ ಪ್ರಶ್ನೆ, ಪುಸ್ತಕ ನೋಡಬೇಕಂತ ಫೋನ್ ಮಾಡ್ರಿ."

ಹೆನ್ರಿ ಕ್ರೌಸ್ ಎತ್ತರದ ಮನುಷ್ಯ, ಅರವತ್ತರ ಆಸುಪಾಸು, ಮುಂದಿನ ತಿಂಗಳು ನಿವೃತ್ತಿ. ಕಣ್ಣ ಕೆಳಗೆ ಎರಡು ದಿನದ ನಿದ್ದೆ ಬಾಕಿಯಿತ್ತು. ಕೈಯಲ್ಲಿ ಟೈಪು ಮಾಡಿದ ಕಾಗದ; ಬೀಳ್ಕೊಡುಗೆಯ ಔತಣದಲ್ಲಿ ತನ್ನ ಮನೆತನದ ಬಗ್ಗೆ ಓದಬೇಕಾದ ಭಾಷಣವಂತೆ. ಹೆಂಡತಿ ಡೋರಿಸ್ ಚಹಾ ತಂದಿಟ್ಟು ಮೂಲೆಯ ಮೇಜಿನ ಬಳಿ ಕೂತಳು. ಮೇಜಿನ ತುಂಬ ಬಣ್ಣದ ಬಟ್ಟೆ ತುಂಡು, ದಾರದುಂಡೆ, ಅಳತೆಪಟ್ಟಿ, ಹಿಡಿಕೆಯಿರುವ ಒಂದು ಪುಟ್ಟ ಚಕ್ರ. ಸೋಫಾದ ಮೇಲೆ ಆಕೆ ಹೊಲಿದ ತೇಪೆಯ ಹೊದಿಕೆ. ದಣಿದಿದ್ದ ನಾಸಿರ್ ಅದಕ್ಕೆ ಒರಗಿದ. ಬೆನ್ನ ಹಿಂದೆ ಸರಸರ ಸದ್ದಾಯಿತು. ಗಂಜಿ ಹಾಕಿರಬೇಕು ಎಂದುಕೊಂಡು ಮುಂದೆ ಸರಿದು ಕೂತ. ಬಸವಂತ ಒಮ್ಮೆ ಅತ್ತ ತಿರುಗಿ ನೋಡಿದ, ಅಷ್ಟೆ.

"ಇಪ್ಪತ್ತು ವರ್ಷ ಹುಡುಕಿದ್ದೇನೆ," ಎಂದ ಹೆನ್ರಿ. ಅವನ ಇಂಗ್ಲಿಷನ್ನು ನಾಸಿರ್ ಉಳಿದವರಿಗೆ ಕನ್ನಡ ಮಾಡಿ ಹೇಳುತ್ತಿದ್ದ. "ಅಜ್ಜಿಯ ಪುಸ್ತಕ, ಚರ್ಚಿನ ದಾಖಲೆ, ಹೊಲದ ಪತ್ರ, ಗೋರಿಕಲ್ಲು, ಒಂದೂ ಬಿಟ್ಟಿಲ್ಲ. ನಮ್ಮ ಮೂಲಪುರುಷ ಎಲಿಯಾಸ್ ಕ್ರೌಸ್ ೧೭೬೧ರಲ್ಲೇ ಪೆನ್ಸಿಲ್ವೇನಿಯಾದಲ್ಲಿ ಸ್ವಂತ ಹೊಲ ಉಳುತ್ತಿದ್ದ. ಮೊದಲ ಒಕ್ಕಲಿಗರ ವಂಶದವರದ್ದೊಂದು ಸಂಘವಿದೆ ನಮ್ಮಲ್ಲಿ. ಅವರು ನಕಲು ಒಪ್ಪುವುದಿಲ್ಲ, ಮೂಲ ಹಾಳೆಯೇ ಬೇಕು. ಓದಿ ಹೇಳುತ್ತೇನೆಂದವರಿಂದ ಉತ್ತರವೂ ಬಂದಿಲ್ಲ."

ನಾಸಿರ್ ಬಾಯಿ ತೆರೆದ. ಬಸವಂತ ಅವನ ಕಾಲು ತುಳಿದ.

ಸಲಾಂ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಮೂಲೆಗಳನ್ನು ತಿರುವಿದ. ಮೂರು, ನಾಲ್ಕು, ಆಮೇಲೆ ಆರು. ನಡುವೆ ಹೊಲಿಗೆಯ ಪಕ್ಕ ಬೆರಳಗಲದ ಪಟ್ಟಿ ಉಳಿದಿತ್ತು. ಅದನ್ನು ಉಗುರಿನಿಂದ ಸವರಿ ಹೇಳಿದ: "ಇದು ಚೂರಿಯ ಕೆಲಸವಲ್ಲ. ಚೂರಿ ಆದರೆ ಎಲ್ಲಿಯಾದರೂ ಒಂದು ಕಡೆ ಎಳೆಯುತ್ತದೆ. ಇದು ಪಟ್ಟಿ ಇಟ್ಟು, ಬಟ್ಟೆ ಕತ್ತರಿಸುವ ಚಕ್ರ ಓಡಿಸಿದ್ದು. ನಮ್ಮ ಕೆಳಗಿನ ಟೈಲರನ ಹತ್ತಿರ ಉಂಟು ಅಂಥದ್ದು."

ಬಸವಂತ ಚಹಾ ಕೆಳಗಿಟ್ಟ. "ರಾಜಮ್ಮನ್ನೂ ಕರೀರಿ. ಎಲ್ಲಾರೂ ಕೂಡ್ರಿ. ಹೇಳಾಕ ನನಗೇನ್ ಹುಮ್ಮಸ್ಸಿಲ್ಲ, ಆದ್ರ ಹೊತ್ತಿಲ್ಲ. ಸಾಹೇಬ್ರ, ನಾ ಅಂದದ್ದು ಅಂದಂಗ ಅವರಿಗೆ ಹೇಳ್ರಿ, ಸಕ್ಕರಿ ಹಚ್ಚಬ್ಯಾಡ್ರಿ."

ರಾಜಮ್ಮ ಬಾಗಿಲಿಗೆ ಒರಗಿ ನಿಂತಳು. ಕೂರಲಿಲ್ಲ.

"ಮೊದಲನೇದು, ಪಟ್ಟಿ ಹೊಲಿಗಿಯೊಳಗ ಉಳದೈತಿ. ಅಂದ್ರ ಹಾಳಿ ಹೊಲದು ಮುಗದ ಮ್ಯಾಲ ಕತ್ತರಿಸ್ಯಾರ. ಅಂಗಡ್ಯಾಗ ಅಲ್ಲ, ಅಲ್ಲಿ ಸಲಾಂ ಭಾವ ಎಣಿಸಿ ಕೊಟ್ಟಾರ. ಎರಡನೇದು, ಈ ತಂಗಿ ಬೀರು ತಗದದ್ದು ಖರೆ. ತನ್ನ ಪಾಸ್‌ಪೋರ್ಟ್ ನೋಡಾಕ ತಗದಿದ್ಲು. ಸೋಮವಾರ ಊರಿಗೆ ಹೋಗಾಕಿ, ಮಗಳು ಹೆರಿಗಿ ಮನ್ಯಾಗ ಅದಾಳ, ಕೈಗೆ ಪಾಸ್‌ಪೋರ್ಟ್ ಸಿಕ್ಕೈತಿ. ಅದನ್ನ ಅಲ್ಲೇ ವಾಪಸ್ ಇಟ್ಟು, ನಿಮ್ಮ ಮುತ್ತಜ್ಜನ್ನ ಕದ್ದೊಯ್ತಾಳೇನ್ರಿ?"

ನಾಸಿರ್ ಹೇಳಿ ಮುಗಿಸಿದಾಗ ಹೆನ್ರಿ ರಾಜಮ್ಮನ ಕಡೆ ನೋಡಿದ. ಅವಳು ನೋಡಲಿಲ್ಲ.

"ನಮ್ಮಜ್ಜ ಹೆಳವ. ಮಂದಿ ವಂಶ ಓದಾವ. ಅವನ ಪುಸ್ತಕಕ್ಕ ಕಳ್ಳರು ಎಂದೂ ಬಂದಿಲ್ಲ. ಬರ್ತಿದ್ದವರು ಮನಿಯವರು. ಹಿತ್ತಲ ಬಾಗಿಲಿಂದ ಒಂದು ಚೀಲ ಜೋಳ ಹೆಚ್ಚಿಗಿ ಕೊಟ್ಟು, 'ಅಜ್ಜಾ, ಈ ಒಂದು ಹೆಸರು ಬಿಟ್ಟು ಓದು' ಅಂತಿದ್ರು. ಕಳ್ಳ ಇಡೀ ಪುಸ್ತಕ ಒಯ್ತಾನ. ಒಂದ ಹಾಳಿ ತಗಿಯಾಕ ಅದರಾಗ ಏನೈತಿ ಅಂತ ಗೊತ್ತಿರಬೇಕು. ಆ ಹಾಳಿ ಸಾಹೇಬಗ ಓದಾಕ ಬರಾಂಗಿಲ್ಲ, ತಂಗಿಗೂ ಬರಾಂಗಿಲ್ಲ. ಅದರಾಗ ಏನೈತಿ ಅಂತ ಬರೆದ ಫ್ಯಾಕ್ಸ್ ಮಂಗಳವಾರ ಮಧ್ಯಾಹ್ನ ಬಂತು. ಒಯ್ದವರು ಒಬ್ರ."

"ಫ್ಯಾಕ್ಸ್ ಬಂದಿತ್ತೇ?" ಹೆನ್ರಿಯ ದನಿ ಸಣ್ಣಗಾಯಿತು. ಡೋರಿಸ್ ಅಳತೆಪಟ್ಟಿಯ ಮೇಲೆ ಕೈಯಿಟ್ಟು ಕೂತೇ ಇದ್ದಳು. ಪಕ್ಕದಲ್ಲಿ ಆ ಪುಟ್ಟ ಚಕ್ರ ಹೊಳೆಯುತ್ತಿತ್ತು.

"ಇನ್ನ ಹಾಳಿ ಎಲ್ಲಿ ಅಂದ್ರ," ಬಸವಂತ ಸೊಂಟ ಹಿಡಿದುಕೊಂಡು ಎದ್ದ, "ನಮ್ಮವ್ವ ಕೌದಿ ಹೊಲೀತಿದ್ಲು. ಹಳೇ ಸೀರಿ ಮ್ಯಾಲ ಹಳೇ ಸೀರಿ. ಹೊದ್ದ ಕೂಸು ಹೊಳ್ಳಿದ್ರೂ ಸಪ್ಪಳ ಆಗತಿರಲಿಲ್ಲ. ಈ ಕೌದಿ ನಾಸಿರ್ ಸಾಹೇಬ್ರ ಬೆನ್ನಿಗೆ ಮಾತಾಡ್ತು. ಈ ಮೂಲಿ ದಾರ ಹೊಸದು, ಉಳದದ್ದು ಹಳೇದು. ಮುಚ್ಚಿಡಬೇಕಂದ್ರೂ ಹಿರ್ಯಾರ ಹೆಸರು ಸುಡಾಕ ಕೈ ಬರಾಂಗಿಲ್ಲ. ಬಿಚ್ಚೂದು ನೀವ ಬಿಚ್ಚರಿ, ಅಮ್ಮಾರ."

ಡೋರಿಸ್ ಕತ್ತರಿ ತಂದಳು. ನಾಲ್ಕು ಹೊಲಿಗೆ ಬಿಚ್ಚಿದಳು, ಎರಡು ಬಟ್ಟೆಗಳ ನಡುವಿನಿಂದ ಕಂದು ಹಾಳೆಯೊಂದನ್ನು ಹೊರತೆಗೆದಳು. ಮೇಲಿನ ಅಂಚು ಹಲ್ಲುಹಲ್ಲು. ದಾರದ ಡಬ್ಬಿಯ ತಳದಲ್ಲಿ ಸುರುಳಿ ಸುತ್ತಿಕೊಂಡಿದ್ದ ಫ್ಯಾಕ್ಸೂ ಬಂತು.

"ಓದು," ಎಂದಳು ಗಂಡನಿಗೆ. "ಎರಡು ದಿನದಿಂದ ಹೇಳಲು ಬಾಯಿ ತೆರೆಯುತ್ತಿದ್ದೇನೆ. ಪ್ರತಿ ಸಲವೂ ನೀನು ಆ ಭಾಷಣ ಓದಿ ತೋರಿಸುತ್ತಿದ್ದೆ."

ಹೆನ್ರಿ ನಿಂತುಕೊಂಡೇ ಓದಿದ. ಮೊದಲ ಪುಟ ಗಟ್ಟಿಯಾಗಿ, ಎರಡನೆಯದು ಮೆಲ್ಲಗೆ, ಮೂರನೆಯದು ತುಟಿಯಲ್ಲೇ. ಎಲಿಯಾಸನಿಗೆ ಆಗ ಹದಿನೇಳು ವರ್ಷ, ಹೊಲ ಅವನದಾಗಿರಲಿಲ್ಲ. ಹಡಗಿನ ಖರ್ಚು ಕೊಟ್ಟು ಕರೆಸಿಕೊಂಡ ಧಣಿಯ ಹೊಲದಲ್ಲಿ ಏಳು ವರ್ಷ ದುಡಿಯುವ ಕರಾರು. ಅಪ್ಪಣೆಯಿಲ್ಲದೆ ಊರು ಬಿಡುವಂತಿಲ್ಲ, ಮದುವೆಯಾಗುವಂತಿಲ್ಲ. ಕೊನೆಯಲ್ಲಿ ಸೇರಿಸಿದ ಟಿಪ್ಪಣಿ: ಒಂದು ಸಲ ಓಡಿಹೋಗಿ ಸಿಕ್ಕಿಬಿದ್ದ, ಮತ್ತೆರಡು ವರ್ಷ ಸೇರಿತು. ಅಂಚನ್ನು ಕಡಿದದ್ದು ಇಲಿಯಲ್ಲ. ಒಂದೇ ಹಾಳೆಯಲ್ಲಿ ಕರಾರನ್ನು ಎರಡು ಪ್ರತಿ ಬರೆದು ನಡುವೆ ಹಲ್ಲುಹಲ್ಲಾಗಿ ಕತ್ತರಿಸಿ, ಒಂದು ಧಣಿಗೆ, ಒಂದು ಆಳಿಗೆ. ನಾಳೆ ತಕರಾರು ಬಂದರೆ ಹಲ್ಲಿಗೆ ಹಲ್ಲು ಕೂಡಿಸಿ ನೋಡುವುದಕ್ಕೆ.

"ಸುಳ್ಳು," ಎಂದ ಹೆನ್ರಿ. ಫ್ಯಾಕ್ಸ್ ಹಿಡಿದುಕೊಂಡೇ ಕುರ್ಚಿಯಲ್ಲಿ ಕುಸಿದು ಕೂತ.

"ಮತ್ತೆ ಹೇಳಬೇಕಿತ್ತಲ್ಲ, ಮೇಡಂ," ಎಂದ ನಾಸಿರ್. ಅವನಿಗೆ ತಡೆಯಲಾಗಲಿಲ್ಲ. "ಇವಳನ್ನು ಕಳ್ಳಿ ಅಂದ ದಿನವೇ."

"ಹಾಳೆ ಎಲ್ಲೋ ಕಳೆದಿರಬೇಕು ಅಂತ ಸುಮ್ಮನಾಗುತ್ತಾನೆ ಅಂದುಕೊಂಡೆ. ಪೊಲೀಸಿನ ಮಾತು ಬರುತ್ತದೆ ಅಂದುಕೊಂಡಿರಲಿಲ್ಲ. ಬಂದ ಮೇಲೆ..." ಡೋರಿಸ್ ಬಿಚ್ಚಿದ ಮೂಲೆಯನ್ನು ಬೆರಳಲ್ಲಿ ಒತ್ತಿ ಹಿಡಿದಳು. "ಬಂದ ಮೇಲೆ ಹೆದರಿದೆ."

ಬಸವಂತ ಆ ಹಾಳೆಯನ್ನು ಕೈಗೆತ್ತಿಕೊಳ್ಳದೆ, ಬಾಗಿ ನೋಡಿದ. ಅವನ ಊರ ಕಡೆಯ ಹಳೆಯ ಲೆಕ್ಕಪುಸ್ತಕಗಳ ಮೋಡಿ ಬರಹದಂತೆ ಅಕ್ಷರ ಅಕ್ಷರಕ್ಕೆ ಗಂಟು. "ನಮ್ಮಜ್ಜ ಆಗಿದ್ರ ಇದನ್ನ ಗಟ್ಟಿಯಾಗಿ ಓದ್ತಿದ್ದ," ಎಂದ. "ಆಳಾಗಿ ಬಂದು ಒಕ್ಕಲಾದವನ ಹೆಸರಿಗೆ ಅಂಗಳದಾಗ ಎರಡು ಸಲ ಗಂಟಿ ಹೊಡೀತಿದ್ದ. ಈ ಹುಡುಗನ ಕಾಗದದ ಒಂದು ಪ್ರತಿ ಅವನ ಹತ್ರನ ಇತ್ತು ನೋಡ್ರಿ. ಈ ತಂಗಿಗೆ ಅದೂ ಇಲ್ಲ."

ನಾಸಿರ್ ಇದನ್ನು ಇಂಗ್ಲಿಷಿಗೆ ತಿರುಗಿಸಬೇಕೋ ಬೇಡವೋ ಎಂದು ಒಂದು ಗಳಿಗೆ ತಡೆದ. ಹದಿನೈದು ವರ್ಷದಿಂದ ತನ್ನ ಪಾಸ್‌ಪೋರ್ಟನ್ನೂ ವೀಸಾ ಕೊಟ್ಟ ಧಣಿ ಕಫೀಲನ ಕಪಾಟಿನಲ್ಲೇ ಬಿಟ್ಟವನು ಅವನು. ಆಮೇಲೆ, ಸಕ್ಕರೆ ಹಚ್ಚದೆ ಹೇಳಿದ.

ಹೆನ್ರಿ ಹಾಳೆಯ ಹಲ್ಲಂಚನ್ನು ಬೆರಳಿನಿಂದ ಸವರಿದ. ಭಾಷಣದ ಕಾಗದ ಕೈಯಿಂದ ಜಾರಿ ಚಾಪೆಯ ಮೇಲೆ ಬಿತ್ತು, ಎತ್ತಿಕೊಳ್ಳಲಿಲ್ಲ. ಕೊನೆಗೆ ಒಳಗೆ ಹೋದ. ಬೀರುವಿನ ಬಾಗಿಲು ಕಿರುಗುಟ್ಟಿತು. ಹೊರಗೆ ಬಂದು ರಾಜಮ್ಮನ ಮುಂದೆ ನಿಂತು ನೀಲಿ ಪುಸ್ತಕವನ್ನು ಚಾಚಿದ.

ರಾಜಮ್ಮ ಸೆರಗಿಗೆ ಕೈ ಒರೆಸಿಕೊಂಡು ಪಾಸ್‌ಪೋರ್ಟು ತೆಗೆದುಕೊಂಡಳು. ಹೆಬ್ಬೆರಳಿಗೆ ಎಂಜಲು ಹಚ್ಚಿ, ಮೊದಲ ಹಾಳೆಯಿಂದ ಒಂದೊಂದೇ ತಿರುವತೊಡಗಿದಳು.

"ರಾಜಮ್ಮಾ," ಎಂದು ಡೋರಿಸ್ ಹತ್ತಿರ ಬಂದಳು, "ನನ್ನನ್ನು..."

"ಇರಿ ಮೇಡಂ," ಎಂದಳು ರಾಜಮ್ಮ, ತಲೆ ಎತ್ತದೆ. "ಎಣಿಸ್ತಾ ಇದೀನಿ."